ಎಳೆಯುವುದು ವಿಂಚ್, ತಾಳಬೇಕಾದದ್ದು ಚಾಸಿ

ಮಲೆನಾಡಿನಲ್ಲಿ ಮಳೆ ಹಿಡಿದುಕೊಂಡ ಮೇಲೆ ಕಾಫಿ ತೋಟಗಳ ಒಳದಾರಿಗಳಲ್ಲಿ ಕೆಂಪು ಮಣ್ಣು ಸಾಬೂನಿನಂತೆ ಜಾರತೊಡಗುತ್ತದೆ. ಅಂಥ ದಾರಿಯಲ್ಲಿ ನಡುವಿನ ಗುಂಬದವರೆಗೂ ಗಾಲಿ ಹೂತು ನಿಂತ ಜೀಪನ್ನು ಹತ್ತು ಮಂದಿ ಸೇರಿ ನೂಕಿದರೂ ಅಲುಗಿಸಲಾಗದಿರುವಾಗ, ಮುಂದಿನ ಬಂಪರ್‌ನಲ್ಲಿ ಕೂರಿಸಿದ, ಮರಕ್ಕೆ ಕಟ್ಟಿದ ಹಗ್ಗವನ್ನು ಸುತ್ತಿಕೊಳ್ಳುತ್ತ ಎಳೆಯುವ ವಿಂಚ್ ಅದನ್ನು ನಿಧಾನವಾಗಿ ಮೇಲೆತ್ತಿ ತರುತ್ತದೆ. ಥಾರ್, ಗೂರ್ಖಾ, ಜಿಮ್ನಿ, ಹಳೆಯ ಜಿಪ್ಸಿ ಹೀಗೆ ಹಲವು ವಾಹನಗಳ ಮುಂದೆ ಈ ಉಪಕರಣ ಈಗ ಕಾಣಸಿಗುತ್ತದೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಪೌಂಡಿನದು?’ ಎಂಬುದು. ಪ್ರಶ್ನೆ ತಪ್ಪಲ್ಲ, ಆದರೆ ಅದಷ್ಟೇ ಸಾಲದು. ಮರದಿಂದ ಹೊರಟ ಸೆಳೆತವು ಮರಕ್ಕೆ ಸುತ್ತಿದ ಪಟ್ಟಿ, ಶ್ಯಾಕಲ್ ಎಂಬ ಉಕ್ಕಿನ ಕೊಂಡಿ, ಕೊಕ್ಕೆ, ಹಗ್ಗ, ಡ್ರಮ್, ಬೋಲ್ಟ್, ವಿಂಚ್ ಕೂರುವ ತಟ್ಟೆ ಇವೆಲ್ಲವನ್ನೂ ಹಾದು ಕೊನೆಗೆ ವಾಹನದ ಅಡಿಚೌಕಟ್ಟಾದ ಚಾಸಿಯನ್ನು ಸೇರುತ್ತದೆ. ಇವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಎಷ್ಟು ಭಾರ ತಾಳುತ್ತದೆಯೋ ಇಡೀ ವ್ಯವಸ್ಥೆಯ ಬಲವೂ ಅಷ್ಟೇ. ಆ ಕೊಂಡಿ ಕಳಚಿದರೆ ಪೆಟ್ಟು ತಗಲುವುದು ವಾಹನಕ್ಕಿಂತ ಮೊದಲು ಪಕ್ಕದಲ್ಲಿ ನಿಂತ ಮನುಷ್ಯರಿಗೆ.

ಹಿಂದಿನ ಕಾಲದ ಜೀಪುಗಳಲ್ಲಿ ಎಂಜಿನ್ನಿನಿಂದಲೇ ಶಾಫ್ಟ್ ಮೂಲಕ ಶಕ್ತಿ ಪಡೆಯುವ ವಿಂಚ್‌ಗಳಿದ್ದವು. ಯುದ್ಧಾನಂತರ ಮಾರಾಟಕ್ಕೆ ಬಂದ ಜೀಪುಗಳಿಗೆ ಮುಂದಿನ ಗಾಲಿಗಳನ್ನು ಆಕ್ಸಲ್ಲಿಗೆ ಸೇರಿಸುವ, ಬಿಡಿಸುವ ಲಾಕಿಂಗ್ ಹಬ್ ತಯಾರಿಸಲೆಂದು 1948ರಲ್ಲಿ ಅಮೆರಿಕದಲ್ಲಿ ಆರಂಭವಾದ ವಾರ್ನ್ ಕಂಪನಿಯು 1959ರಲ್ಲಿ ಬ್ಯಾಟರಿಯಿಂದ ನಡೆಯುವ ವಿಂಚನ್ನು ಹವ್ಯಾಸಿ ಚಾಲಕರ ಕೈಗೆ ತಂದಿತು. ಇಂದು ಬಂಪರ್‌ನಲ್ಲಿ ಕೂರುವ ವಿಂಚ್‌ಗಳಲ್ಲಿ ಹೆಚ್ಚಿನವು ಆ ಬಗೆಯವೇ.

ಅದರ ಒಳರಚನೆ ಸರಳವಾಗಿದೆ. ಒಂದು ತುದಿಯಲ್ಲಿ 12 ವೋಲ್ಟಿನ ಮೋಟಾರ್, ಇನ್ನೊಂದು ತುದಿಯಲ್ಲಿ ಗೇರ್‌ಪೆಟ್ಟಿಗೆ, ನಡುವೆ ಹಗ್ಗ ಸುತ್ತುವ ಡ್ರಮ್. ಸೂರ್ಯನ ಸುತ್ತ ಗ್ರಹಗಳು ತಿರುಗುವಂತೆ ನಡುವಿನ ಒಂದು ಹಲ್ಲುಗಾಲಿಯ ಸುತ್ತ ಸಣ್ಣ ಗಾಲಿಗಳು ತಿರುಗುವ ಪ್ಲಾನೆಟರಿ ಗೇರ್‌ಗಳು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಜೋಡಣೆಗೊಂಡಿರುತ್ತವೆ. ಹಲವು ವಿಂಚ್‌ಗಳಲ್ಲಿ ಮೋಟಾರ್ ನೂರೈವತ್ತಕ್ಕೂ ಹೆಚ್ಚು ಸುತ್ತು ತಿರುಗಿದಾಗ ಡ್ರಮ್ ತಿರುಗುವುದು ಒಂದೇ ಸುತ್ತು. ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವುದೇ ಇಲ್ಲಿನ ಗುಟ್ಟು. ಡ್ರಮ್ಮಿನ ಒಳಗೆ ಒಂದು ಬ್ರೇಕ್ ಇರುತ್ತದೆ. ಗುಂಡಿಯಿಂದ ಬೆರಳು ತೆಗೆದ ಕೂಡಲೇ ಅದು ಭಾರವನ್ನು ಹಿಡಿದು ನಿಲ್ಲಿಸುತ್ತದೆ. ಬಹುಪಾಲು ಇಂಥ ವಿಂಚ್‌ಗಳಲ್ಲಿ ಈ ಬ್ರೇಕ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ, ಹಗ್ಗವನ್ನು ಡ್ರಮ್ಮಿಗೆ ಹಿಮ್ಮುಖವಾಗಿ ಸುತ್ತಿಬಿಟ್ಟರೆ ಎಳೆಯುವಾಗ ಎಲ್ಲವೂ ಸರಿಯಾಗಿದ್ದಂತೆ ಕಂಡು, ನಿಲ್ಲಿಸಿದಾಗ ವಾಹನ ಹಿಂದಕ್ಕೆ ಜಾರತೊಡಗುತ್ತದೆ. ಹಗ್ಗ ಬದಲಿಸಿದ ಪ್ರತಿ ಸಲವೂ ಇದನ್ನು ಪರೀಕ್ಷಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಆ ಪೌಂಡುಗಳ ಲೆಕ್ಕ. 9500 ಪೌಂಡ್ ಎಂದರೆ ಸುಮಾರು 4300 ಕಿಲೋ. ಆದರೆ ಈ ಸಂಖ್ಯೆ ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಿರುವಾಗ ಸಿಗುವ ಬಲವನ್ನು ಮಾತ್ರ ಹೇಳುತ್ತದೆ. ಹಗ್ಗ ಪದರದ ಮೇಲೆ ಪದರವಾಗಿ ಸುತ್ತಿಕೊಂಡಂತೆ ಡ್ರಮ್ಮಿನ ಸುತ್ತಳತೆ ಬೆಳೆಯುತ್ತದೆ, ಅದೇ ಪ್ರಮಾಣದಲ್ಲಿ ಎಳೆಯುವ ಬಲ ಕುಗ್ಗುತ್ತದೆ. ಡ್ರಮ್ಮಿನ ವ್ಯಾಸ 64 ಮಿಲಿಮೀಟರ್, ಹಗ್ಗದ ದಪ್ಪ 8 ಮಿಲಿಮೀಟರ್ ಎಂದಿಟ್ಟುಕೊಂಡರೆ ಮೊದಲ ಪದರದಲ್ಲಿ 4300 ಕಿಲೋ ಎಳೆಯುವ ವಿಂಚ್ ಎರಡನೆಯದರಲ್ಲಿ ಸುಮಾರು 3500, ಮೂರನೆಯದರಲ್ಲಿ 3000, ನಾಲ್ಕನೆಯದರಲ್ಲಿ 2600 ಕಿಲೋ ಮಾತ್ರ ಎಳೆಯಬಲ್ಲದು. ಹತ್ತಿರದಲ್ಲೇ ಒಂದು ಮರ ಸಿಕ್ಕಿತೆಂದು ನಾಲ್ಕೈದು ಮೀಟರ್ ಹಗ್ಗ ಬಿಚ್ಚಿ ಎಳೆಯತೊಡಗುವವರು, ತಮಗೆ ಗೊತ್ತಿಲ್ಲದೆಯೇ, ದುಡ್ಡು ಕೊಟ್ಟು ತಂದ ಬಲದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಬಿಟ್ಟುಕೊಟ್ಟಿರುತ್ತಾರೆ. ದೂರದ ಮರ ಒಳ್ಳೆಯ ಮರ. ಹಾಗೆಂದು ಹಗ್ಗವನ್ನು ಪೂರ್ತಿ ಬಿಚ್ಚುವಂತಿಲ್ಲ. ಡ್ರಮ್ಮಿಗೆ ಹಗ್ಗದ ತುದಿಯನ್ನು ಹಿಡಿದಿಟ್ಟಿರುವ ತಿರುಪು ಭಾರ ಹೊರುವುದಿಲ್ಲ, ಸುತ್ತುಗಳ ಉಜ್ಜುವಿಕೆಯೇ ಹೊರುತ್ತದೆ. ಆದ್ದರಿಂದ ಉಕ್ಕಿನ ಹಗ್ಗವಾದರೆ ಕನಿಷ್ಠ 5 ಸುತ್ತು, ನಾರಿನ ಹಗ್ಗವಾದರೆ 10 ಸುತ್ತು ಡ್ರಮ್ಮಿನ ಮೇಲೆ ಉಳಿದಿರಲೇಬೇಕು.

ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಬಲದ ವಿಂಚ್ ಬೇಕೆಂಬುದು ರೂಢಿಯಲ್ಲಿರುವ ನಿಯಮ. ಜನ, ಸಾಮಾನು, ಇಂಧನ ಸೇರಿ 2400 ಕಿಲೋ ತೂಗುವ ಜೀಪಿಗೆ 3600 ಕಿಲೋ, ಎಂದರೆ 8000 ಪೌಂಡಿನ ವಿಂಚ್ ಸಾಕೆಂದು ಈ ನಿಯಮ ಹೇಳುತ್ತದೆ. ಇದರ ಹಿಂದಿನ ಕಾರಣವನ್ನು ಸೇನೆಗಳ ವಾಹನ ಎತ್ತುವಳಿಯ ಹಳೆಯ ಲೆಕ್ಕಾಚಾರ ಸ್ಪಷ್ಟಪಡಿಸುತ್ತದೆ: ಕೆಸರು ಗಾಲಿಯ ಗುಂಬದ ಮಟ್ಟಕ್ಕೆ ಬಂದರೆ ಅದರ ತಡೆಯು ವಾಹನದ ತೂಕದಷ್ಟೇ ಇರುತ್ತದೆ, ಗಾಲಿಯ ಮೇಲಿನ ಮಡ್‌ಗಾರ್ಡ್ ಮುಳುಗುವಷ್ಟು ಹೂತರೆ ಎರಡು ಪಟ್ಟಾಗುತ್ತದೆ. ಮೇಲುದಾರಿಯ ಇಳಿಜಾರು 30 ಡಿಗ್ರಿಯಷ್ಟಿದ್ದರೆ ಅದರ ಮೇಲೆ ಅರ್ಧ ತೂಕವನ್ನು ಕೂಡಿಸಬೇಕು. ಹೀಗೆ ನಮ್ಮ 2400 ಕಿಲೋ ಜೀಪು ಆಳವಾಗಿ ಹೂತಾಗ ಬೇಕಾಗುವ 4800 ಕಿಲೋ ಬಲವನ್ನು 9500 ಪೌಂಡಿನ ವಿಂಚ್ ಮೊದಲ ಪದರದಲ್ಲಿಯೂ ನೇರವಾಗಿ ಕೊಡಲಾರದು. ಇಲ್ಲಿ ಇನ್ನೂ ದೊಡ್ಡ ವಿಂಚ್ ಕೊಳ್ಳುವುದಕ್ಕಿಂತ ಮೊದಲು ಸಲಿಕೆ ಹಿಡಿಯುವುದು ಜಾಣತನ. ಗಾಲಿಗಳ ಮುಂದಿನ ಮಣ್ಣನ್ನು ಕೆತ್ತಿ ಇಳಿಜಾರು ಮಾಡಿ, ಆಕ್ಸಲ್ಲಿನ ಅಡಿಯ ಕೆಸರನ್ನು ತೆಗೆದುಹಾಕಿದರೆ ತಡೆಯೇ ಕಡಿಮೆಯಾಗುತ್ತದೆ. ಹತ್ತು ನಿಮಿಷದ ಆ ಬೆವರು ಹಗ್ಗ, ಬ್ಯಾಟರಿ, ಮೋಟಾರ್ ಮೂರನ್ನೂ ಉಳಿಸುತ್ತದೆ.

ಕೂರಿಸುವ ಕೆಲಸದಲ್ಲಿ ನೆನಪಿಡಬೇಕಾದ ಮೊದಲ ಸಂಗತಿಯೆಂದರೆ, ಕಾರ್ಖಾನೆಯಿಂದ ಬರುವ ಪ್ಲಾಸ್ಟಿಕ್ ಅಥವಾ ತೆಳು ತಗಡಿನ ಬಂಪರ್ ವಿಂಚಿನ ಭಾರಕ್ಕಾಗಿ ಮಾಡಿದ್ದಲ್ಲ. ವಿಂಚ್ ಕೂರುವ ಉಕ್ಕಿನ ತಟ್ಟೆಯು ಚಾಸಿಯ ಎರಡೂ ಉದ್ದ ತೊಲೆಗಳಿಗೆ ನೇರವಾಗಿ ಬೋಲ್ಟ್ ಆಗಿರಬೇಕು. ಬಂಪರ್ ಎಂಬುದು ಆ ತಟ್ಟೆಯ ಸುತ್ತಲಿನ ಕವಚ ಮಾತ್ರ. ಏಣಿಯಾಕಾರದ ಚಾಸಿಯುಳ್ಳ ಥಾರ್, ಗೂರ್ಖಾ, ಜಿಮ್ನಿ, ಜಿಪ್ಸಿಗಳಲ್ಲಿ ಇದು ಸಾಧ್ಯ. ಮೈ ಮತ್ತು ಚಾಸಿ ಒಂದೇ ಆಗಿರುವ ನಗರದ ಎಸ್‌ಯುವಿಗಳಲ್ಲಿ ಮುಂದಿನ ತುದಿಯ ತಗಡು ಅಪಘಾತದಲ್ಲಿ ಮಡಚಿಕೊಳ್ಳಲೆಂದೇ ರೂಪುಗೊಂಡಿರುತ್ತದೆ. ಅಲ್ಲಿಗೆ ವಿಂಚ್ ಕೂರಿಸುವುದು ಬೇಡವೇ ಬೇಡ.

8000ದಿಂದ 12000 ಪೌಂಡಿನವರೆಗಿನ ಬಹುತೇಕ ವಿಂಚ್‌ಗಳಿಗೆ ನಾಲ್ಕು ಬೋಲ್ಟ್‌ಗಳ ಒಂದೇ ಅಳತೆಯ ಚೌಕಟ್ಟಿದೆ: ಅಡ್ಡಕ್ಕೆ 254 ಮಿಲಿಮೀಟರ್, ಮುಂದುಹಿಂದಕ್ಕೆ 114.3 ಮಿಲಿಮೀಟರ್. ಆದ್ದರಿಂದ ಒಂದು ಕಂಪನಿಯ ತಟ್ಟೆಗೆ ಇನ್ನೊಂದರ ವಿಂಚ್ ಸಾಮಾನ್ಯವಾಗಿ ಹೊಂದುತ್ತದೆ. ವಿಂಚಿನ ಜೊತೆ ಬಂದ ಗಟ್ಟಿ ದರ್ಜೆಯ ಬೋಲ್ಟ್‌ಗಳನ್ನು ಬಿಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಸಾಧಾರಣ ಬೋಲ್ಟ್ ಹಾಕುವುದು ನಾನು ಮತ್ತೆ ಮತ್ತೆ ಕಂಡಿರುವ ತಪ್ಪು. ಉದ್ದ ಹೆಚ್ಚಾದ ಬೋಲ್ಟ್ ಕುಳಿಯ ತಳಕ್ಕೆ ತಾಗಿ, ಬಿಗಿಯಾದಂತೆ ತೋರಿದರೂ ತಟ್ಟೆಯನ್ನು ಹಿಡಿಯುವುದಿಲ್ಲ. ಗಿಡ್ಡವಾದದ್ದು ತಿರುಪಿನ ಎರಡು ಮೂರು ಎಳೆಗಳಲ್ಲಷ್ಟೇ ಸಿಕ್ಕಿಕೊಂಡು ಮೊದಲ ಭಾರಿ ಎಳೆತಕ್ಕೆ ಎಳೆ ಕಿತ್ತು ಬರುತ್ತದೆ. ತಟ್ಟೆ ಸಮತಟ್ಟಾಗಿರುವುದು ಅಷ್ಟೇ ಮುಖ್ಯ. ಮೋಟಾರ್, ಡ್ರಮ್, ಗೇರ್‌ಪೆಟ್ಟಿಗೆ ಮೂರೂ ಒಂದೇ ನೇರದಲ್ಲಿ ಇರಬೇಕಾದ ಭಾಗಗಳಾದ್ದರಿಂದ, ವೆಲ್ಡಿಂಗ್ ಬಿಸಿಗೆ ಸೊಟ್ಟಗಾದ ತಟ್ಟೆಯ ಮೇಲೆ ಬಿಗಿದರೆ ಡ್ರಮ್ ಹಿಡಿದುಕೊಳ್ಳುತ್ತದೆ, ಕೈಯಿಂದ ಹಗ್ಗ ಬಿಚ್ಚಲು ಆಗುವುದಿಲ್ಲ.

ಬಂಪರ್ ಮತ್ತು ವಿಂಚ್ ಸೇರಿ ಮುಂದಿನ ಸ್ಪ್ರಿಂಗ್‌ಗಳ ಮೇಲೆ ಹಲವು ಹತ್ತು ಕಿಲೋ ಭಾರ ಏರುತ್ತದೆ. ಮೂಗು ತಗ್ಗುತ್ತದೆ, ಹೆಡ್‌ಲೈಟಿನ ಬೆಳಕು ಹತ್ತಿರಕ್ಕೆ ಬೀಳುತ್ತದೆ, ಬ್ರೇಕ್ ಹಿಡಿದಾಗ ಮುಂದಕ್ಕೆ ಬಾಗುವುದು ಹೆಚ್ಚುತ್ತದೆ. ರೇಡಿಯೇಟರಿಗೆ ಗಾಳಿ ಹೋಗುವ ದಾರಿಯನ್ನು ವಿಂಚ್ ಮುಚ್ಚಿದರೆ ಘಟ್ಟ ಹತ್ತುವಾಗ ಎಂಜಿನ್ ಬಿಸಿಯೇರುವುದನ್ನು ನೋಡಬೇಕಾಗುತ್ತದೆ. ಏರ್‌ಬ್ಯಾಗ್ ಉಳ್ಳ ವಾಹನಗಳಲ್ಲಿ ಢಿಕ್ಕಿಯನ್ನು ಗುರುತಿಸುವ ಸೆನ್ಸರ್‌ಗಳಿಗೆ ಮುಂದಿನ ಭಾಗ ಹೇಗೆ ಮಡಚಿಕೊಳ್ಳುತ್ತದೆ ಎಂಬುದೇ ಸುಳಿವು. ದಪ್ಪ ಉಕ್ಕಿನ ಬಂಪರ್ ಆ ಸುಳಿವನ್ನು ಬದಲಿಸಬಲ್ಲದು.

ಇದೇ ಕಾರಣಕ್ಕೆ, ಜೊತೆಗೆ ಪಾದಚಾರಿಗಳ ಸುರಕ್ಷತೆಯ ಕಾರಣಕ್ಕೂ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ವಾಹನದ ಮುಂದೆ ಹೆಚ್ಚುವರಿಯಾಗಿ ಹಾಕಿಸುವ ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಅದು ಆಧರಿಸಿದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನಕ್ಕೆ ಉಕ್ಕಿನ ಬಂಪರ್ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿಕೊಳ್ಳಬೇಕು. ತೋಟದ ಗೇಟಿನಿಂದ ಆಚೆಗೆ ಹೋಗದ ಜೀಪಿನ ಮಾತು ಬೇರೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುವವರಿಗೆ ಬೇಕಾದಾಗ ಸಿಕ್ಕಿಸಿ ತೆಗೆದಿಡುವ ವಿಂಚ್ ಅಥವಾ ಕೈಯಿಂದ ತುಯ್ಯುವ ವಿಂಚ್ ಸಾಕೆಂಬುದು ನನ್ನ ಅಭಿಪ್ರಾಯ.

ವಿದ್ಯುತ್ ಜೋಡಣೆಯನ್ನು ಅನೇಕರು ಕೊನೆಯ ಕೆಲಸವೆಂದು ಅವಸರದಲ್ಲಿ ಮುಗಿಸುತ್ತಾರೆ, ಆದರೆ ಬೆಂಕಿಯ ಅಪಾಯವಿರುವುದು ಇಲ್ಲಿಯೇ. ಪೂರ್ಣ ಭಾರದಲ್ಲಿ ವಿಂಚ್ ಮೋಟಾರ್ 400 ಆಂಪಿಯರಿಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ. 35 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹೋಗಿಬರುವ ಒಟ್ಟು 4 ಮೀಟರ್ ಉದ್ದಕ್ಕೆ ಸುಮಾರು 0.8 ವೋಲ್ಟ್ ಕಳೆದುಕೊಂಡರೆ, ಅಗ್ಗಕ್ಕೆ ಸಿಗುವ 16 ಚದರ ಮಿಲಿಮೀಟರಿನದು 1.75 ವೋಲ್ಟ್ ಕಳೆದುಕೊಳ್ಳುತ್ತದೆ. ಕಳೆದುಹೋದದ್ದೆಲ್ಲ ಕೇಬಲ್ಲಿನಲ್ಲೇ ಶಾಖವಾಗುತ್ತದೆ. ಧನ, ಋಣ ಎರಡೂ ಕೇಬಲ್‌ಗಳು ನೇರವಾಗಿ ಬ್ಯಾಟರಿಯಿಂದಲೇ ಬರಬೇಕು. ಋಣ ತುದಿಯನ್ನು ತುಕ್ಕು ಹಿಡಿದ ಚಾಸಿಗೆ ಕಟ್ಟಿ ಕೈತೊಳೆದುಕೊಳ್ಳುವುದು ಸಲ್ಲದು. ಧನ ಕೇಬಲ್ಲಿನಲ್ಲಿ ಬ್ಯಾಟರಿಯ ಹತ್ತಿರವೇ ವಿದ್ಯುತ್ ಸಂಪರ್ಕವನ್ನು ಕಡಿಯುವ ಒಂದು ದಪ್ಪ ಐಸೊಲೇಟರ್ ಸ್ವಿಚ್ ಇರಲಿ. ವಿಂಚ್ ಬಳಸದ ದಿನಗಳಲ್ಲಿ ಅದು ಆಫ್ ಆಗಿದ್ದರೆ, ಅಪಘಾತದಲ್ಲಿ ಬಂಪರ್ ಒಳನುಗ್ಗಿ ಕೇಬಲ್ ಕತ್ತರಿಸಿದರೂ ಕಿಡಿ ಹಾರುವುದಿಲ್ಲ. ರಿಮೋಟ್ ಸಿಕ್ಕಿಸಿ ಯಾರೋ ಗುಂಡಿ ಒತ್ತಿ ಡ್ರಮ್ ತಿರುಗುವ ಭಯವೂ ಇರುವುದಿಲ್ಲ.

ಎಂಜಿನ್ ಓಡುತ್ತಿದ್ದರೆ ಬ್ಯಾಟರಿ ತುಂಬುತ್ತಲೇ ಇರುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಎಂಜಿನ್ನಿನಿಂದ ತಿರುಗಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ 90 ಆಂಪಿಯರ್ ಕೊಟ್ಟರೆ, 400 ಆಂಪಿಯರಿನ ಮೂರು ನಿಮಿಷಗಳ ಎಳೆತದಲ್ಲಿ ಖರ್ಚಾಗುವ 20 ಆಂಪಿಯರ್-ಗಂಟೆಯಲ್ಲಿ ಅದು ತುಂಬಿಕೊಡುವುದು ನಾಲ್ಕೂವರೆ ಮಾತ್ರ. ಉಳಿದದ್ದನ್ನು 65 ಆಂಪಿಯರ್-ಗಂಟೆಯ ಬ್ಯಾಟರಿಯೇ ಕೊಡಬೇಕು. ಆದ್ದರಿಂದ ಎಂಜಿನ್ನನ್ನು ಸ್ವಲ್ಪ ಏರಿದ ವೇಗದಲ್ಲಿ ಓಡಿಸುತ್ತ, ಒಂದು ನಿಮಿಷದಷ್ಟು ಎಳೆದು, ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿ, ಮೋಟಾರಿನ ಮೈ ಮುಟ್ಟಿ ನೋಡಿ ಮುಂದುವರಿಯಬೇಕು. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆರುವವರೆಗೆ ಕಾಯಬೇಕು.

ಹಗ್ಗದ ಆಯ್ಕೆಯಲ್ಲಿ ಎರಡು ದಾರಿಗಳಿವೆ. ಉಕ್ಕಿನ ಹಗ್ಗ ಕಲ್ಲಿಗೆ ಉಜ್ಜಿದರೂ ಬಿಸಿಲಿಗೆ ಒಣಗಿದರೂ ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಭಾರ, ತುಕ್ಕು, ಅಂಗೈ ಸೀಳುವ ಮುರಿದ ತಂತಿಗಳು ಇದರ ಜೊತೆಗೇ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಗಿತದಲ್ಲಿರುವಾಗ ತುಂಡಾದರೆ ಅದರ ತೂಕವೇ ಅದನ್ನು ಚಾಟಿಯನ್ನಾಗಿಸುತ್ತದೆ. ಡೈನೀಮಾದಂಥ ನಾರಿನಿಂದ ಹೆಣೆದ ಸಿಂಥೆಟಿಕ್ ಹಗ್ಗ ನೀರಿನ ಮೇಲೆ ತೇಲುವಷ್ಟು ಹಗುರ, ತುಂಡಾದರೆ ಅಷ್ಟು ದೂರ ಚಿಮ್ಮುವುದಿಲ್ಲ. ಆದರೂ ಅದರ ತುದಿಯಲ್ಲಿರುವ ಕೊಕ್ಕೆ ಕಬ್ಬಿಣದ್ದೇ, ಅದು ಹಾರಬಲ್ಲದು. ಈ ನಾರು ಸುಮಾರು 145 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಇಳಿಜಾರಿನಲ್ಲಿ ವಾಹನವನ್ನು ವಿಂಚಿನಿಂದಲೇ ಕೆಳಗಿಳಿಸುವಾಗ ಡ್ರಮ್ಮಿನೊಳಗಿನ ಬ್ರೇಕ್ ಭಾರಿ ಬಿಸಿಯೇರುವುದರಿಂದ ಒಳಪದರದ ನಾರು ಹಾಳಾಗುವ ಸಂಭವವಿದೆ. ಜಂಬಿಟ್ಟಿಗೆ ಮಣ್ಣಿನ ಸಣ್ಣ ಹರಳುಗಳು ಹೆಣಿಗೆಯೊಳಗೆ ಸೇರಿ ಒಳಗಿನಿಂದಲೇ ಕೊಯ್ಯುತ್ತವೆ. ಮಲೆನಾಡಿನ ಕೆಸರಿನಲ್ಲಿ ಬಳಸಿದ ಮೇಲೆ ಹಗ್ಗವನ್ನು ಪೂರ್ತಿ ಬಿಚ್ಚಿ ನೀರಿನಲ್ಲಿ ತೊಳೆಯುವ ತಾಳ್ಮೆ ಇರುವವರಿಗೆ ನಾನು ಸಿಂಥೆಟಿಕ್ ಹಗ್ಗವನ್ನೇ ಹೇಳುತ್ತೇನೆ. ಬಂಪರಿನ ಬಾಯಲ್ಲಿ ಹಗ್ಗವನ್ನು ನಡೆಸುವ ಭಾಗ ಉಕ್ಕಿನ ಹಗ್ಗಕ್ಕೆ ಉರುಳೆಯದ್ದು, ನಾರಿನದಕ್ಕೆ ನಯವಾದ ಅಲ್ಯೂಮಿನಿಯಂನದ್ದು. ಉಕ್ಕು ಗೀರಿದ ಹಳೆಯ ಉರುಳೆಗಳ ಮೇಲೆ ನಾರಿನ ಹಗ್ಗ ಓಡಿಸಿದರೆ ಅದು ಬಹಳ ದಿನ ಬಾಳುವುದಿಲ್ಲ.

ಹೊಸ ಹಗ್ಗವನ್ನು ಪ್ಯಾಕೆಟ್ಟಿನಿಂದ ತೆಗೆದು ಹಾಗೆಯೇ ಬಳಸಬಾರದು. ಸಣ್ಣ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಅದರ ಭಾರದಿಂದಲೇ ಹಗ್ಗ ಬಿಗಿದುಕೊಳ್ಳುವಂತೆ ಮೇಲಕ್ಕೆ ಎಳೆದುಕೊಳ್ಳುತ್ತ, ಸುತ್ತಿನ ಪಕ್ಕಕ್ಕೆ ಸುತ್ತು ಕೂರುವಂತೆ ಒಮ್ಮೆ ಸುತ್ತಿಕೊಳ್ಳಬೇಕು. ಸಡಿಲವಾಗಿ ಸುತ್ತಿದ ಹಗ್ಗದಲ್ಲಿ ಭಾರ ಬಿದ್ದಾಗ ಮೇಲಿನ ಪದರ ಕೆಳಗಿನವುಗಳ ನಡುವೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಬಳಸುವ ಹೊತ್ತಿಗೆ ಆಧಾರಮರದ ಆಯ್ಕೆಯೇ ಮೊದಲ ತೀರ್ಮಾನ. ತೋಟಗಳಲ್ಲಿ ಕೈಗೆ ಸಿಗುವ ಮರಗಳೆಲ್ಲ ಈ ಕೆಲಸಕ್ಕೆ ಒದಗುವುದಿಲ್ಲ. ಹಾಲುವಾಣದ ಮೆತು ಕಾಂಡ, ಅಡಿಕೆಯ ತೆಳು ಬೇರು ಇವೆರಡನ್ನೂ ನಂಬುವಂತಿಲ್ಲ. ಸಿಲ್ವರ್ ಓಕ್ ಮರಕ್ಕೆ ಪಟ್ಟಿ ಹಾಕಿದರೆ ಅದನ್ನು ಹಬ್ಬಿದ ಮೆಣಸಿನ ಬಳ್ಳಿ ಬುಡದಲ್ಲೇ ಜಜ್ಜಿಹೋಗುತ್ತದೆ, ತೋಟದವರಿಗೆ ವರ್ಷಗಳ ಫಸಲಿನ ನಷ್ಟ. ದಪ್ಪವಾಗಿ ಬೆಳೆದ ಹಲಸು, ಮತ್ತಿಯಂಥ ಮರ ಉತ್ತಮ. ಹಗ್ಗವನ್ನಾಗಲಿ ಸರಪಳಿಯನ್ನಾಗಲಿ ತೊಗಟೆಗೆ ನೇರವಾಗಿ ಸುತ್ತದೆ, ಅಂಗೈಯಗಲದ ಪಟ್ಟಿಯನ್ನು ಕಾಂಡದ ಬುಡಕ್ಕೆ ಹತ್ತಿರವಾಗಿ ಹಾಕಿ, ಅದರ ಎರಡೂ ಕುಣಿಕೆಗಳನ್ನು ಶ್ಯಾಕಲ್ಲಿನಲ್ಲಿ ಸೇರಿಸಿ, ವಿಂಚಿನ ಕೊಕ್ಕೆಯನ್ನು ಅದಕ್ಕೆ ತೊಡಿಸಬೇಕು. ಭಾರದ ಮಿತಿ ಕೆತ್ತಿರದ ಶ್ಯಾಕಲ್ ಬೇಡ. 19 ಮಿಲಿಮೀಟರಿನ ಪ್ರಮಾಣೀಕೃತ ಶ್ಯಾಕಲ್ ಮೇಲೆ 4.75 ಟನ್ ಎಂದು ಮುದ್ರೆ ಇರುತ್ತದೆ. ಹಗ್ಗವನ್ನು ಮರಕ್ಕೆ ಸುತ್ತಿ ಅದರ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸುವುದು ಹಗ್ಗವನ್ನೂ ಮರವನ್ನೂ ಒಟ್ಟಿಗೆ ಕೊಲ್ಲುವ ಅಭ್ಯಾಸ.

ಡ್ರಮ್ಮನ್ನು ಗೇರ್‌ಗಳಿಂದ ಬೇರ್ಪಡಿಸುವ ಕ್ಲಚ್ ಸನ್ನೆಯನ್ನು ಬಿಡಿಸಿ ಹಗ್ಗವನ್ನು ಕೈಯಿಂದ ಎಳೆದೊಯ್ಯುವಾಗ ಚರ್ಮದ ಕೈಗವಸು ಇರಲೇಬೇಕು. ಕಟ್ಟಿಯಾದ ಮೇಲೆ ಸನ್ನೆಯನ್ನು ಪೂರ್ತಿ ಕೂರಿಸಿ, ಹಗ್ಗ ಸ್ವಲ್ಪ ಬಿಗಿಯುವವರೆಗೆ ಎಳೆದು ನಿಲ್ಲಿಸಿ, ಪ್ರತಿಯೊಂದು ಕೊಂಡಿಯನ್ನೂ ಮತ್ತೊಮ್ಮೆ ನೋಡಬೇಕು. ಹಗ್ಗದ ನಡುವೆ ಭಾರವಾದ ಕಂಬಳಿಯನ್ನೋ ಒದ್ದೆ ಗೋಣಿಚೀಲವನ್ನೋ ಹಾಕಿದರೆ, ತುಂಡಾದ ಹಗ್ಗದ ಓಟವನ್ನು ಅದು ನೆಲಕ್ಕೆ ಕೆಡವುತ್ತದೆ. ಜನರನ್ನು ಬಿಚ್ಚಿದ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಕಳುಹಿಸಬೇಕು. ಬಿಗಿದ ಹಗ್ಗವನ್ನು ಯಾರೂ ದಾಟಬಾರದು, ಮಕ್ಕಳಂತೂ ಕಣ್ಣಿಗೆ ಕಾಣುವ ದೂರದಲ್ಲೇ ಇರಬೇಕು. ರಿಮೋಟ್ ಒಬ್ಬರ ಕೈಯಲ್ಲಿ, ಸಂಜ್ಞೆ ಒಬ್ಬರಿಂದ. ಹತ್ತು ಮಂದಿ ‘ಎಳಿ, ಎಳಿ’ ಎಂದು ಕೂಗುವಾಗ ಚಾಲಕನಿಗೆ ಯಾರ ಮಾತೂ ಕೇಳುವುದಿಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟಿರುವುದನ್ನು ಖಚಿತಪಡಿಸಿಕೊಂಡು, ಕೆಳಗಿನ ಗೇರಿನಲ್ಲಿ ಗಾಲಿಗಳನ್ನು ಮೆಲ್ಲನೆ ತಿರುಗಿಸಿ ವಿಂಚಿಗೆ ನೆರವಾಗಬಹುದು; ಆದರೆ ವಾಹನ ಮುಂದಕ್ಕೆ ನೆಗೆದು ಹಗ್ಗ ಸಡಿಲವಾಗಿ ಗಾಲಿಯ ಅಡಿಗೆ ಸಿಗುವಂತೆ ಆಗಬಾರದು. ಹಗ್ಗ ಒಂದೇ ಬದಿಗೆ ಗುಪ್ಪೆಯಾಗುತ್ತಿದ್ದರೆ ನಿಲ್ಲಿಸಿ ಸರಿಪಡಿಸಬೇಕು, ಏಕೆಂದರೆ ಆ ಗುಪ್ಪೆ ವಿಂಚಿನ ಎರಡು ತುದಿಗಳನ್ನು ಬೆಸೆದಿರುವ ಸರಳುಗಳನ್ನೇ ಬಾಗಿಸಬಲ್ಲದು.

ಒಂಟಿ ಹಗ್ಗಕ್ಕೆ ಬಲ ಸಾಲದಾದಾಗ ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಕೈಹಿಡಿಯುತ್ತದೆ. ಬಾವಿಯ ರಾಟೆ ನಮಗೆ ಪರಿಚಿತ, ಆದರೆ ಅದು ಎಳೆತದ ದಿಕ್ಕನ್ನಷ್ಟೇ ಬದಲಿಸುತ್ತದೆ. ಇಲ್ಲಿ ಹಗ್ಗವನ್ನು ಮರದ ಬಳಿಯ ರಾಟೆಯಲ್ಲಿ ಹಾಯಿಸಿ, ತುದಿಯನ್ನು ವಾಹನದ ಚಾಸಿಯಲ್ಲಿರುವ ಗಟ್ಟಿ ಎಳೆಕೊಕ್ಕೆಗೆ ಮರಳಿ ತಂದು ಕಟ್ಟಲಾಗುತ್ತದೆ. ಈಗ ವಾಹನವನ್ನು ಎರಡು ಹಗ್ಗಗಳು ಎಳೆಯುತ್ತವೆ. ಉಜ್ಜುವಿಕೆಯ ನಷ್ಟವನ್ನು ಬಿಟ್ಟರೆ ಬಲ ಎರಡು ಪಟ್ಟು, ವೇಗ ಅರ್ಧ. ಹಗ್ಗ ಹೆಚ್ಚು ಬಿಚ್ಚಿದ್ದರಿಂದ ಡ್ರಮ್ಮಿನ ಕೆಳಪದರದ ಲಾಭವೂ ಸೇರುತ್ತದೆ, ಮೋಟಾರ್ ಎಳೆಯುವ ವಿದ್ಯುತ್ ತಗ್ಗುತ್ತದೆ. ಹಿಂದೆ ಹೇಳಿದ 4800 ಕಿಲೋ ತಡೆಯನ್ನು ಹೀಗೆ ವಿಂಚ್ ಸುಮಾರು 2400 ಕಿಲೋ ಎಳೆತದಲ್ಲೇ ಗೆಲ್ಲುತ್ತದೆ. ಮರೆಯಬಾರದ ಸಂಗತಿಯೆಂದರೆ, ಎರಡೂ ಹಗ್ಗಗಳ ಸೆಳೆತ ಒಟ್ಟಾಗಿ ಮರದ ಪಟ್ಟಿ, ಶ್ಯಾಕಲ್ ಮತ್ತು ರಾಟೆಯ ಮೇಲೆ ಬೀಳುತ್ತದೆ. ವಿಂಚಿನ ಬಲಕ್ಕೆ ಸರಿಹೊಂದುವ ಪಟ್ಟಿ ರಾಟೆಯ ಜೊತೆ ಬಳಸುವಾಗ ಸಾಲದು, ಅದರ ಎರಡರಷ್ಟು ತಾಳುವಂಥದ್ದು ಬೇಕು.

ವಾಹನ ಗಟ್ಟಿ ನೆಲಕ್ಕೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಹಗ್ಗವನ್ನು ಸಡಿಲಿಸಿಯೇ ಕೊಕ್ಕೆ ಕಳಚಬೇಕು. ಭಾರವಿರುವಾಗ ಕ್ಲಚ್ ಸನ್ನೆಯನ್ನು ಮುಟ್ಟಲೇಬಾರದು. ಕೊನೆಯ ಒಂದೆರಡು ಮೀಟರ್ ಹಗ್ಗವನ್ನು ಸುತ್ತಿಕೊಳ್ಳುವಾಗ ಬೆರಳು ಬಂಪರಿನ ಬಾಯಿಗೆ ಸಿಗುವ ಅಪಾಯ ಅತಿ ಹೆಚ್ಚು. ಕೊಕ್ಕೆಯಲ್ಲಿ ಒಂದು ಗೇಣುದ್ದದ ಪಟ್ಟಿ ಕಟ್ಟಿ ಅದನ್ನು ಹಿಡಿದು, ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತುತ್ತ ಒಳತರಬೇಕು. ಮನೆ ತಲುಪಿದ ಮೇಲೆ ಕೆಸರು ತೊಳೆದು, ಬೋಲ್ಟ್‌ಗಳ ಮತ್ತು ಬ್ಯಾಟರಿ ತುದಿಗಳ ಬಿಗಿ ನೋಡಿ, ಹಗ್ಗ ಒಣಗಿದ ಮೇಲೆ ಮತ್ತೆ ಏರಿನಲ್ಲಿ ಭಾರ ಕೊಟ್ಟು ಸುತ್ತಿ, ಐಸೊಲೇಟರ್ ಆಫ್ ಮಾಡಿ ಇಟ್ಟರೆ ಆಯಿತು. ಬೇಸಿಗೆಯುದ್ದಕ್ಕೂ ಸುಮ್ಮನೆ ಕೂತ ವಿಂಚಿನ ಮೋಟಾರಿನೊಳಗೆ ತೇವ ನಿಂತು ತುಕ್ಕು ಹಿಡಿಯುವುದರಿಂದ, ತಿಂಗಳಿಗೊಮ್ಮೆ ಒಂದು ನಿಮಿಷ ಅದನ್ನು ಓಡಿಸಿ, ನಾಲ್ಕೈದು ಮೀಟರ್ ಹಗ್ಗ ಬಿಚ್ಚಿ ಸುತ್ತಿಕೊಂಡರೆ ಮುಂದಿನ ಮಳೆಗಾಲಕ್ಕೆ ಅದು ಸಿದ್ಧವಾಗಿರುತ್ತದೆ.